ಒಪ್ಪಂದದ ಹೊರಗುಳಿದ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಪಾರ್ಸೆಲ್ ಚೀಲಗಳ ಬಾಯಿಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ ಕತ್ತರಿಸಲು ಗೋಡೌನಿನಲ್ಲಿ ಕತ್ತರಿ ಕೊಡುತ್ತಿರಲಿಲ್ಲ. ಕತ್ತರಿ ಸಿಕ್ಕರೆ ಹೆಂಗಸರು ಪೆಟ್ಟಿಗೆ ಒಡೆದು ಕದಿಯುತ್ತಾರೆ ಎಂಬುದು ಕಂಪನಿಯ ಅನುಮಾನ. ಬೆರಳಿನಿಂದಲೇ ಎಳೆದೆಳೆದು ಬಿಚ್ಚುವಾಗ ಒಂದು ದಿನ ಉಗುರು ಪಟ್ಟಿಯ ಜೊತೆಗೇ ಕಿತ್ತು ಬಂತು. ಬಟ್ಟೆ ಸುತ್ತಿಕೊಂಡು ಸಂಜೆಯವರೆಗೂ ಕೆಲಸ ಮಾಡಿದಳು. ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಹಿರಿಯೂರಿನ ಹೆದ್ದಾರಿ ಪಕ್ಕದ ತಗಡಿನ ಗೋಡೌನದು. ಲಾರಿಯಲ್ಲಿ ಬಂದ ಪಾರ್ಸೆಲ್ಲುಗಳನ್ನು ಅಕ್ಕ ಮತ್ತು ಉಳಿದ ಹೆಂಗಸರು ಊರುವಾರು ವಿಂಗಡಿಸಿದರೆ, ನಾವು ಹುಡುಗರು ಬೈಕಿನಲ್ಲಿ ಮನೆಮನೆಗೆ ಮುಟ್ಟಿಸುತ್ತಿದ್ದೆವು. ನನ್ನ ಪಾಲಿಗೆ ಆದಿವಾಲದ ಕಡೆಯ ಹಳ್ಳಿಗಳು. ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಅವಳು ಯಲ್ಲದಕೆರೆಯ ಕುರಿ ಸಾಕುವ ಮನೆಯವಳು. ಸೆರಗಿನ ಗಂಟಿನಲ್ಲಿ ಸದಾ ಹುರಿದ ಶೇಂಗಾ ಇರುತ್ತಿತ್ತು. ತಿಂಡಿ ತಿನ್ನದೆ ಬಂದವನ ಮುಖ ನೋಡಿಯೇ ಗುರುತು ಹಿಡಿದು, ಬೈಯುತ್ತಲೇ ಒಂದು ಹಿಡಿ ಅವನ ಜೇಬಿಗೆ ಸುರಿಯುತ್ತಿದ್ದಳು.

ಒಂದು ಬೆಳಿಗ್ಗೆ ನಮ್ಮೆಲ್ಲರ ಫೋನಿಗೂ ಸಂದೇಶ ಬಂತು: ಇಂದಿನಿಂದ ಪ್ರತಿ ಪಾರ್ಸೆಲ್ಲಿನ ದರ ಇಳಿಕೆ. ನಾವು ಫೋನು ಹಿಡಿದು ಕೂಗಾಡತೊಡಗಿದೆವು. ಅಕ್ಕ ಶಟರ್ ಅರ್ಧಕ್ಕೆ ಎಳೆದಳು.

"ಫೋನಿಗೆ ಬೈದ್ರೆ ಫೋನಿಗೆ ನೋವಾಗ್ತೈತೇನ್ಲೇ? ನಾವು ಚೀಲ ಬಿಚ್ಚಲ್ಲ. ಅವ್ರೇ ಬರ್ತಾರೆ ಬಿಡ್ರಿ."

ಇಳಿದದ್ದು ನಮ್ಮ ದರ, ಹೆಂಗಸರ ಕೂಲಿಯಲ್ಲ. ಆದರೂ ಅವರು ಚೀಲಗಳ ಮೇಲೆ ಕೂತೇಬಿಟ್ಟರು. ಹೊಸದುರ್ಗ, ಹೊಳಲ್ಕೆರೆಯ ಹುಡುಗರೂ ಸೇರಿಕೊಂಡರು, ಸಂಘವಾಯಿತು. ಮೂರನೆಯ ದಿನ ಕಂಪನಿ ಚಿತ್ರದುರ್ಗದಲ್ಲಿ ಮಾತುಕತೆಗೆ ಕರೆಯಿತು.

ಬೆಂಗಳೂರಿನಿಂದ ಬಂದ ಮ್ಯಾನೇಜರು ಕೂಲಿಯ ಖರ್ಚು ಕಂಪನಿಗೆ ಎಷ್ಟು ಭಾರವಾಗಿದೆ ಎಂದು ಅರ್ಧ ಗಂಟೆ ವಿವರಿಸಿ, ಇಂಗ್ಲಿಷಿನ ಕರಾರುಪತ್ರ ಮುಂದಿಟ್ಟ.

"ಕನ್ನಡದಾಗೆ ಹೇಳ್ರಿ ಸಾರ್, ಒಂದ್ ಸಾಲೂ ಬಿಡಬ್ಯಾಡ್ರಿ," ಎಂದಳು ಅಕ್ಕ.

ಕೊನೆಯ ಹಾಳೆಯಲ್ಲಿತ್ತು ವಿಷ: ಒಪ್ಪಂದ ಬೈಕಿನವರಿಗೆ ಮಾತ್ರ.

"ಗೋಡೌನಿನ ಹೆಂಗಸರು ನಮ್ಮ ಕೆಲಸಗಾರರಲ್ಲಮ್ಮ, ಗುತ್ತಿಗೆದಾರನ ಕಡೆಯವರು."

"ಗೋಡೌನಿನಾಗೆ ನಮ್ ತಲೆ ಮ್ಯಾಲೆ ಕ್ಯಾಮೆರಾ ಇಟ್ಟೋರು ಯಾರು ಸಾರ್? ಗುತ್ತಿಗೆದಾರನಾ?"

ಅವನು ಕರಾರುಪತ್ರ ಮಡಚಿಟ್ಟ. ಟೀ ಕುಡಿದು ಬರೋಣವೆಂದು ನಮ್ಮನ್ನಷ್ಟೇ ಹೊರಗೆ ಕರೆದ. ಇವತ್ತೇ ಸಹಿ ಮಾಡಿದರೆ ಹಳೆಯ ದರ ವಾಪಸು, ಮೇಲೆ ಅಪಘಾತ ವಿಮೆ. ಹೆಂಗಸರೂ ಬೇಕೆಂದರೆ ಯಾರಿಗೂ ಏನೂ ಇಲ್ಲ. ಹೀಗೆ ಹೇಳಿ ಕೈ ತೊಳೆದುಕೊಂಡ.

ಅಲ್ಲೇ ಬೇವಿನ ಮರದ ಕೆಳಗೆ, ಜೊತೆಗೆ ಬಂದಿದ್ದ ಹೆಂಗಸರೂ ಸೇರಿ ಸಂಘದವರೆಲ್ಲ ಕೂಡಿದೆವು. ಅಕ್ಕ ಒಂದೇ ಮಾತು ಕೇಳಿದಳು: "ಕುರಿ ಎಣಿಸೋವಾಗ ಕುಂಟ್ ಕುರಿ ಬಿಟ್ಟು ಎಣಿಸ್ತಾರೇನ್ರಪ್ಪ?"

ಸಹಿಗೆ ಒಪ್ಪುವವರು ಕೈ ಎತ್ತಿ ಎಂದು ಹೊಸದುರ್ಗದ ಹುಡುಗನೊಬ್ಬ ಹೇಳಿದ. ಬೈಕಿನವರೆಲ್ಲ ಎತ್ತಿದರು. ನಾನೂ ಎತ್ತಿದೆ. ಹೆಂಡತಿ ತುಂಬು ಗರ್ಭಿಣಿ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಅಕ್ಕ ನಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ತನ್ನ ಹೆಂಗಸರ ಕಡೆ ತಿರುಗಿ, "ಬಸ್ಸಿಗೆ ಹೊತ್ತಾತು, ಹೋಗಾಣ ನಡೀರಿ," ಎಂದಳು.

ವಾರ ಕಳೆಯುವುದರೊಳಗೆ ಗುತ್ತಿಗೆದಾರ ಅವಳನ್ನು ಗೋಡೌನಿನ ಬಾಗಿಲಲ್ಲೇ ತಡೆದು ವಾಪಸು ಕಳಿಸಿದ. ನಾವೆಲ್ಲ ಅಲ್ಲೇ ಇದ್ದೆವು. ಪಾರ್ಸೆಲ್ ತುಂಬಿಕೊಂಡು, ಬೈಕ್ ಹತ್ತಿ, ನಮ್ಮ ನಮ್ಮ ಪಾಲಿನ ಹಳ್ಳಿಗಳ ದಾರಿ ಹಿಡಿದೆವು.

ವರ್ಷ ತಿರುಗುವಷ್ಟರಲ್ಲಿ ಒಪ್ಪಂದದ ಅವಧಿ ಮುಗಿದು, ಕಂಪನಿ ದರವನ್ನು ಮತ್ತೆ ಇಳಿಸಿತು. ಈ ಸಲ ಚೀಲ ಬಿಚ್ಚದೆ ಕೂರುವವರು ಯಾರೂ ಇರಲಿಲ್ಲ. ನಾವೇ ಅವರನ್ನು ಮಾರಿಕೊಂಡಿದ್ದೆವಲ್ಲ! ನಾನು ಯಲ್ಲದಕೆರೆಗೆ ಹೋದೆ. ಅಕ್ಕ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು.

"ತಪ್ಪಾತು ಅಕ್ಕ, ನಮ್ಮನ್ನ ಕ್ಷಮಿಸು..."

"ನಿನ್ ಕ್ಷಮೆ ಇಟ್ಕಂಡು ಉಪ್ಪಿನಕಾಯಿ ಹಾಕ್ಲೇನ್ಲೇ? ಕುಂತ್ಕ. ಈ ಸಲ ಮೊದ್ಲು ಹೆಣ್ಮಕ್ಳ ಹೆಸ್ರು ಬರಿ. ನಿಂದು ಆಮೇಲೆ."

ಹೆದರಿದ್ದ ಹೆಂಗಸರ ಮನೆಗಳಿಗೆ ಅವಳೇ ನಡೆದಳು. ಚೀಲಗಳು ಮತ್ತೆ ನಿಂತವು. ಮಾತುಕತೆಯ ದಿನ, ಹೊರಗಿನವಳು ಎಂದು ಅವಳನ್ನು ಒಳಗೆ ಬಿಡಲಿಲ್ಲ; ಮೆಟ್ಟಿಲ ಮೇಲೆ ಕೂತಳು. ಸಂಜೆಯ ಹೊತ್ತಿಗೆ ಕಂಪನಿ ಹೆಂಗಸರನ್ನು ಒಪ್ಪಂದಕ್ಕೆ ಸೇರಿಸಿಕೊಂಡಿತು. ಅಕ್ಕನನ್ನು ವಾಪಸು ತೆಗೆದುಕೊಳ್ಳಲು ಮಾತ್ರ ಸುತರಾಂ ಒಪ್ಪಲಿಲ್ಲ. ಹೊರಗೆ ಬಂದು ಹೇಳಿದೆ.

"ನನ್ನೊಬ್ಬಳಿಗೋಸ್ಕರ ನಿಲ್ಲಿಸಬ್ಯಾಡ್ರಿ," ಎಂದಳು. "ಹೋಗಿ ಸಹಿ ಹಾಕ್ರಿ."

ಹಾಕಿದೆವು. ಇನ್ನೊಂದು ದಿನ ಪಟ್ಟು ಹಿಡಿದಿದ್ದರೆ ಏನಾಗುತ್ತಿತ್ತೋ. ಹಿಡಿಯಲಿಲ್ಲ.

ಈ ಬೇಸಿಗೆಯಲ್ಲಿ ಅಕ್ಕ ಹೋಗಿಬಿಟ್ಟಳು. ಎದೆನೋವೆಂದವಳು ಆಸ್ಪತ್ರೆ ಮುಟ್ಟಲಿಲ್ಲ. ಮಣ್ಣಿಗೆ ಹೋಗಬೇಕೆಂದು ಮ್ಯಾನೇಜರನಿಗೆ ಫೋನು ಮಾಡಿದರೆ, "ಆಕೆ ನಮ್ಮ ಕೆಲಸಗಾರ್ತಿಯಲ್ಲವಲ್ಲ, ರಜೆ ಹೇಗೆ ಕೊಡಲಿ?" ಎಂದ. ಹೆಂಗಸರು ಚೀಲ ಬಿಟ್ಟು ಎದ್ದರು. ನಾವು ಬೈಕುಗಳ ಮೇಲಿನ ಪಾರ್ಸೆಲ್ಲುಗಳನ್ನು ಇಳಿಸಿ ಒಳಗಿಟ್ಟೆವು. ಆ ದಿನ ಗೋಡೌನಿನಿಂದ ಒಂದು ಪಾರ್ಸೆಲ್ಲೂ ಹೊರಡಲಿಲ್ಲ.

ಊರವರು ಅದನ್ನು ದೊಡ್ಡ ಮರ್ಯಾದೆ ಎಂದರು. ನನಗೆ ಹಾಗನ್ನಿಸಲಿಲ್ಲ. ಸತ್ತವಳಿಗಾಗಿ ಒಂದಿಡೀ ದಿನ ಕೆಲಸ ನಿಲ್ಲಿಸಿದ ನಾವು, ಅವಳನ್ನು ಬಾಗಿಲಲ್ಲಿ ತಡೆದ ಬೆಳಿಗ್ಗೆ ಒಂದು ಗಂಟೆಯೂ ನಿಲ್ಲಿಸಿರಲಿಲ್ಲ.