ಚಾವಡಿಯಲ್ಲಿ ಮಲಗಿದ್ದವನ ಮೇಲೆ ಕೊಲೆಯ ಗುಮಾನಿ

ಗೆಳತಿಯರೇ, ಇವತ್ತು ಬೆಳಿಗ್ಗೆ ಫೌಜದಾರರು ಪೊಲೀಸನೊಬ್ಬನನ್ನು ಕರೆದುಕೊಂಡು ಕೊಣ್ಣೂರಿನ ನಮ್ಮ ಗುಡಿಸಲಿಗೆ ಬೂಟುಗಾಲಲ್ಲೇ ನುಗ್ಗಿ ನನ್ನ ಗಂಡನ ಕೈಗೆ ಹಗ್ಗ ಬಿಗಿಸಿದರು. ರಾತ್ರಿ ಮಸಗುಪ್ಪಿಯಲ್ಲಿ ಯಾರೋ ಸಾಹುಕಾರನೊಬ್ಬನನ್ನು ಕಡಿದು ಕೊಂದು ಮನೆ ದೋಚಿದ್ದಾರಂತೆ. ಸರಕಾರ ನಮ್ಮದನ್ನು ಕಳ್ಳರ ಜಾತಿ ಎಂದು ಸಾರಿಬಿಟ್ಟಿದೆ. ಎಲ್ಲಿ ಏನಾದರೂ ಮೊದಲು ಬರುವುದು ನಮ್ಮ ಬಾಗಿಲಿಗೆ.

"ರಾತ್ರಿ ಎಲ್ಲಿದ್ದೆಲೇ?" ಎಂದರು.

"ದಿನಾ ಹಾಜರಿ ಕೊಟ್ಟು ಚಾವಡ್ಯಾಗ ಮಲಗ್ತೇವಲ್ರಿ ಸಾಹೇಬ್ರ. ನಿನ್ನಿ ಈ ಪೊಲೀಸರೇ ಹೊರಗಿಂದ ಕೀಲಿ ಹಾಕಿ, ಮುಂಜಾನೆ ಬಿಟ್ಟಾರ," ಎಂದ ನನ್ನ ಗಂಡ.

ಕೀಲಿ ಹಾಕಿದ್ದ ಪೊಲೀಸ ಮುಖ ಆಚೆ ತಿರುಗಿಸಿದ. ಫೌಜದಾರರು ಮಾತ್ರ ಬಿಡಲಿಲ್ಲ. "ನೀ ಅಲ್ಲಂದ್ರ ನಿಮ್ಮ ಮಂದ್ಯಾಗ ಯಾರರ ಮಾಡಿರ್ತಾರ. ನಡಿ."

ನಾನು ಬಾಗಿಲಿಗೆ ಅಡ್ಡ ನಿಂತೆ. ಕೇಳಿಯೇಬಿಟ್ಟೆ: "ಹ್ವಾದ ವರ್ಷ ಗೌಡ್ರ ಮಗ ಹೆಂಡ್ತೀನ ಕೊಂದ. ಆವಾಗ ಗೌಡ್ರ ಮಂದೀನೆಲ್ಲ ಹಿಂಗ ಹಗ್ಗ ಹಾಕಿ ಎಳದ್ರೇನ್ರಿ?"

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಪಕ್ಕ ನಿಂತರು. ಯಾರೂ ಕದಲಲಿಲ್ಲ. ಕೊನೆಗೆ ಫೌಜದಾರರೇ ಹಗ್ಗ ಬಿಚ್ಚಿಸಿದರು.

"ಬಾಳ ಮಾತಾಡ್ತಿ," ಎಂದು ನನ್ನನ್ನು ದಿಟ್ಟಿಸಿ ಹೋದರು.

ಹೆಂಗಸು ಮಾತಾಡಿದರೆ ಅಪರಾಧ ಎಂಬ ಕಾಯಿದೆ ಇನ್ನೂ ಬಂದಿಲ್ಲ. ಬರುವುದರೊಳಗೆ ನಿಮಗೂ ಹೇಳಿಬಿಟ್ಟೆ.