ಮಂಗಳವಾರ ಹನ್ನೊಂದರ ಕರೆ

ಗನಿಸಾಬನು ಇಂಡಿ ತಾಲ್ಲೂಕು ಬಿಟ್ಟು ಮುಂಬಯಿಗೆ ಬಂದು ಮೂವತ್ತು ವರ್ಷ ಕಳೆದಿದ್ದವು. ಘಾಟ್ಕೋಪರಿನ ಒಂದು ಸಣ್ಣ ಲಿಫ್ಟ್ ಕಂಪನಿಗೆ ಮೆಕ್ಯಾನಿಕನಾಗಿ ಸೇರಿದವನನ್ನು, ಸೊಂಟನೋವು ಹಿಡಿದ ಮೇಲೆ, ಮಾಲೀಕರು ಆಫೀಸಿನ ಕರಿಯ ಫೋನಿನ ಮುಂದೆ ಕೂರಿಸಿದ್ದರು. ಯಾವ ಬಿಲ್ಡಿಂಗಿನ ಲಿಫ್ಟಿನಲ್ಲಿ ಯಾರು ಸಿಕ್ಕಿಬಿದ್ದು ಅಲಾರಂ ಗುಂಡಿ ಒತ್ತಿದರೂ ಕರೆ ಬರುತ್ತಿದ್ದುದು ಆ ಫೋನಿಗೆ. ಮೆಕ್ಯಾನಿಕನನ್ನು ಓಡಿಸುವುದು, ಬಾಗಿಲು ತೆರೆಯುವ ತನಕ ಒಳಗಿದ್ದವರೊಡನೆ ಮಾತು ಬಿಡದಿರುವುದು ಅವನ ಕೆಲಸ.

ಗುಂಡಿಗಳನ್ನು ವಾರಕ್ಕೊಮ್ಮೆ ಪರೀಕ್ಷಿಸಬೇಕಾಗಿತ್ತು. ಊರೆಲ್ಲ ಸುತ್ತಲು ಸೊಂಟ ಒಪ್ಪದು. ಆದ್ದರಿಂದ ಬಿಲ್ಡಿಂಗಿಗೊಬ್ಬರನ್ನು ಅವನು ಗೊತ್ತು ಮಾಡಿಕೊಂಡಿದ್ದ. ಮಲಾಡಿನ ಏಳು ಮಾಳಿಗೆಯ ಸೊಸೈಟಿಯಲ್ಲಿ ಆ ಹೊಣೆ ಆರನೆಯ ಮಾಳಿಗೆಯ ಕಾಶವ್ವನದು. ಧಾರವಾಡದ ಕಡೆಯ ಮುದುಕಿ. ಗಂಡ ಚನ್ನಬಸಯ್ಯ ನಿವೃತ್ತ ಗುಮಾಸ್ತ. ಪ್ರತಿ ಮಂಗಳವಾರ ಹನ್ನೊಂದಕ್ಕೆ ಕಾಯಿಪಲ್ಲೆಯ ಚೀಲ ಹಿಡಿದು ಲಿಫ್ಟು ಹೊಕ್ಕು ಅವಳು ಗುಂಡಿ ಒತ್ತುವಳು.

"ಗನಿಸಾಬ, ಅದೀ ಏನಪಾ?"

"ಅದೀನ್ರೀ ಅವ್ವಾರ."

ಇದ್ದೀಯಾ, ಇದ್ದೇನೆ ಎಂಬುದಾದ ಮೇಲೆ ಊರ ಸುದ್ದಿ ಒಂದೆರಡು. ಗನಿಸಾಬ ರಿಜಿಸ್ಟರಿನ ಆ ದಿನದ ಚೌಕದಲ್ಲಿ 'ಸರಿ ಇದೆ' ಎಂದು ಬರೆದು ಸಹಿ ಹಾಕುವನು. ಅವಳು ಊರಿಗೆ ಹೋದಾಗ ಚನ್ನಬಸಯ್ಯ ಒತ್ತುತ್ತಿದ್ದ. ಹನ್ನೆರಡು ವರ್ಷಗಳಲ್ಲಿ ಒಂದು ಚೌಕವೂ ಖಾಲಿ ಬಿದ್ದಿರಲಿಲ್ಲ.

ಆ ಬೇಸಿಗೆಯಲ್ಲಿ ಮಲಾಡಿನ ಲಿಫ್ಟಿನ ಫೋನಿಗೆ ಹಳೆಯ ತಾಮ್ರದ ತಂತಿ ಹೋಗಿ ಡಿಜಿಟಲ್ ಲೈನು ಬಂತು. ಮೀಟರ್ ರೂಮಿನ ಗೋಡೆಗೆ ಒಂದು ಬಿಳಿಯ ಡಬ್ಬಿ ಕೂತಿತು. ತಾಮ್ರದ ತಂತಿ ತನ್ನ ಕರೆಂಟನ್ನು ಎಕ್ಸ್‌ಚೇಂಜಿನಿಂದಲೇ ತರುತ್ತಿತ್ತು. ಬಿಲ್ಡಿಂಗು ಕತ್ತಲಾದರೂ ಫೋನು ಸಾಯುತ್ತಿರಲಿಲ್ಲ. ಡಬ್ಬಿಗೆ ಬಿಲ್ಡಿಂಗಿನ ಕರೆಂಟೇ ಉಸಿರು. ಇದನ್ನು ಗನಿಸಾಬ ಬಲ್ಲ. ಬ್ಯಾಟರಿ ಕೂರಿಸಿರೆಂದು ಸೊಸೈಟಿಯ ಸೆಕ್ರೆಟರಿ ಅನಿಕೇತನಿಗೆ ಎರಡು ಸಲ ಹೇಳಿದ. ಮುಂದಿನ ಮೀಟಿಂಗಿನಲ್ಲಿ ನೋಡೋಣವೆಂದು ಉತ್ತರ ಬಂತು. ಅಷ್ಟರಲ್ಲಿ ಮಂಗಳವಾರವಾಯಿತು. ಕಾಶವ್ವನ ದನಿ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ವಚ್ಛವಾಗಿ ಕೇಳಿಸಿತು. ಗನಿಸಾಬ ಆ ದನಿಯನ್ನು ನಂಬಿದ. ಮೇನ್ ಸ್ವಿಚ್ ಆರಿಸಿ, ಕರೆಂಟಿಲ್ಲದಾಗ ಕರೆ ಬರುವುದೇ ಎಂದು ಒಮ್ಮೆಯೂ ನೋಡಲಿಲ್ಲ.

ಮೇ ತಿಂಗಳ ಒಂದು ಮಂಗಳವಾರ ಹನ್ನೊಂದಾದರೂ ಫೋನು ಸುಮ್ಮನಿತ್ತು. ಹನ್ನೊಂದೂ ಕಾಲಾಯಿತು. ಹಿಂದಿನ ವಾರ ಕಾಶವ್ವ ತಂಗಿಯ ಮಗಳ ಲಗ್ನದ ಮಾತೆತ್ತಿದ್ದಳು. ಗಂಡಹೆಂಡಿರಿಬ್ಬರೂ ಊರಿಗೆ ಹೋಗಿರಬೇಕೆಂದು ಅವನು ತಿಳಿದ. ಅಷ್ಟುದ್ದದ ಸಾಲಿನಲ್ಲಿ ಒಂದು ಚೌಕ ಖಾಲಿ ಬಿಡಲು ಮನಸ್ಸು ಬರಲಿಲ್ಲ. 'ಸರಿ ಇದೆ' ಎಂದು ಬರೆದು ಚಹಾಕ್ಕೆ ಎದ್ದ.

ಆಗ ಮಲಾಡಿನಲ್ಲಿ ಕರೆಂಟು ಹೋಗಿ ಲಿಫ್ಟು ಮೂರನೆಯ, ನಾಲ್ಕನೆಯ ಮಾಳಿಗೆಗಳ ನಡುವೆ ನಿಂತಿತ್ತು. ಒಳಗೆ ಕಾಶವ್ವ ಒಬ್ಬಳೇ ಐವತ್ತು ನಿಮಿಷ ಗುಂಡಿ ಒತ್ತಿದಳು. ಕೊನೆಗೆ ಚಪ್ಪಲಿಯಿಂದ ಬಾಗಿಲು ಬಡಿದದ್ದು ವಾಚ್‌ಮನ್ನನ ಕಿವಿಗೆ ಬಿತ್ತು. ಹೊರಗೆಳೆದಾಗ ಅವಳಿಗೆ ಎಚ್ಚರ ಅರ್ಧವೇ ಇತ್ತು.

ಅನಿಕೇತ ರಿಜಿಸ್ಟರಿನ ಫೋಟೊ ತರಿಸಿಕೊಂಡ. ಅದರಲ್ಲಿ 'ಸರಿ ಇದೆ' ಎಂದಿತ್ತು. ಹಾಗಾದರೆ ಅಜ್ಜಿ ಗಾಬರಿಯಲ್ಲಿ ಅಲಾರಮಿನ ಬದಲು ಫ್ಯಾನಿನ ಗುಂಡಿ ಒತ್ತಿದ್ದಾಳೆಂದು ಬಿಲ್ಡಿಂಗಿಗೆಲ್ಲ ಮಾತು ಹರಡಿತು. ಮಾಲೀಕರೂ ಗನಿಸಾಬನಿಗೆ, ಇಷ್ಟಕ್ಕೇ ಮುಗಿಯಿತು, ಬಾಯಿ ಮುಚ್ಚಿಕೊಂಡಿರು ಎಂದರು.

ಗನಿಸಾಬ ಎರಡು ದಿನ ಮುಚ್ಚಿಕೊಂಡಿದ್ದ. ಮೂರನೆಯ ದಿನ ರಿಜಿಸ್ಟರು ಕಂಕುಳಲ್ಲಿಟ್ಟು ಮಲಾಡಿಗೆ ಹೋಗಿ, ಡಬ್ಬಿಯ ಪ್ಲಗ್ಗು ಕಿತ್ತು, ಲಿಫ್ಟಿನಲ್ಲಿ ನಿಂತು ಗುಂಡಿ ಒತ್ತಿದ. ಕರೆ ಹೋಗಲಿಲ್ಲ, ಕಲ್ಲು ಒತ್ತಿದಂತಾಯಿತು. ಅಲ್ಲಿಂದ ಆರು ಮಾಳಿಗೆಯನ್ನೂ ಮೆಟ್ಟಿಲಲ್ಲೇ ಹತ್ತಿದ.

ಕಾಶವ್ವ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವಳೇ ಅಂದಳು: "ನನಗ ಅರುಳು ಮರುಳು ಆಗೇದಪಾ. ಫ್ಯಾನಿನ ಗುಂಡಿ ಒತ್ತೀನಂತ."

ಗನಿಸಾಬ ರಿಜಿಸ್ಟರು ಬಿಚ್ಚಿ ಅವಳ ಮುಂದಿಟ್ಟ. "ನೀವು ಒತ್ತಿದ್ದು ಖರೇ ಗುಂಡೀನ ರೀ. ಡಬ್ಬಿ ಸತ್ತಿತ್ತು. ಫೋನ್ ಬರಲಿಲ್ಲ, ಆದ್ರೂ ಸುಳ್ಳ ಸಹಿ ಮಾಡಿದಾಂವ ನಾನು."

ಚನ್ನಬಸಯ್ಯ ಕಿಟಕಿಯ ಕಡೆ ತಿರುಗಿ ನಿಂತ. ಕಾಶವ್ವ ಆ ಸಹಿಯ ಮೇಲೆ ಬೆರಳಿಟ್ಟಳು.

"ಅವತ್ತ ಫೋನಿನ ಮುಂದ ಇದ್ದೀ ಏನಪಾ?"

"ಇದ್ದೆನ್ರಿ."

"ಕತ್ತಲ್ದಾಗ ನಾ ಕೇಳಕೋತನ ಇದ್ದೆ, ಅದೀ ಏನಪಾ ಅಂತ."

ಅವನು ಆ ದಿನದ 'ಸರಿ ಇದೆ'ಯ ಮೇಲೆ ಕೆಂಪು ಗೀಟೆಳೆದು, ಕೆಳಗಿಳಿದು ಅನಿಕೇತನ ಕೈಗೆ ರಿಜಿಸ್ಟರು ಕೊಟ್ಟ.

ವಾರದೊಳಗೆ ಬ್ಯಾಟರಿ ಬಂತು. ಸೊಸೈಟಿ ಬೇರೆ ಕಂಪನಿ ಹಿಡಿಯಿತು. ಅಲಾರಂ ಈಗ ಎಲ್ಲಿಯೋ ಒಂದು ಕಾಲ್ ಸೆಂಟರಿಗೆ ಹೋಗುತ್ತದೆ. ಮಾಲೀಕರು ಗನಿಸಾಬನನ್ನು ಫೋನಿನ ಮುಂದಿನಿಂದ ಎಬ್ಬಿಸಿ ಗೋದಾಮಿಗೆ ಹಾಕಿದರು. ಕಾಶವ್ವ ಲಿಫ್ಟು ಹೊಗುವುದನ್ನು ಬಿಟ್ಟಳು. ಮೆಟ್ಟಿಲಿಳಿಯಲು ಮೊಣಕಾಲು ಒಪ್ಪದು. ಅವಳ ಪಾಲಿಗೆ ಲೋಕ ಆರನೆಯ ಮಾಳಿಗೆಗೇ ಮುಗಿಯುತ್ತದೆ.

ಮಂಗಳವಾರ ಹನ್ನೊಂದಕ್ಕೆ ಗನಿಸಾಬ ಗೋದಾಮಿನ ಮೂಲೆಯಿಂದ ಅವಳ ಮನೆಗೆ ಫೋನು ಮಾಡುತ್ತಾನೆ. "ಅದೀರೇನ್ರೀ ಅವ್ವಾರ?" ಕೆಲವು ವಾರ ಅವಳು ಎತ್ತಿ ಹೂಂ ಅನ್ನುತ್ತಾಳೆ. ಎತ್ತದ ವಾರ ಅವನು ಅರ್ಧ ದಿನದ ರಜೆ ಬರೆದುಕೊಟ್ಟು, ಮೆಟ್ರೊದಲ್ಲಿ ಅಂಧೇರಿಗೆ ಹೋಗಿ, ಅಲ್ಲಿಂದ ಮಲಾಡಿನ ಲೋಕಲ್ ರೈಲು ಹಿಡಿಯುತ್ತಾನೆ.