ನೀರು ತಾಗಬಾರದ ಗಾಜು

ಅರವತ್ತರ ದಶಕದಲ್ಲಿ ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಅಲ್ಲಿನ ಒಂದು ಮಳೆಗಾಲ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಗುರುವಾಯನಕೆರೆಯ ದಂಡೆಯಿಂದ, ನೋಡಲು ಒಂದೇ ಥರದ ಎರಡು ಗಿಡ ಕಿತ್ತು ತಂದಿದ್ದೆವು. ಅವು ಒಂದೇ ಜಾತಿಯೋ ಬೇರೆಯೋ ಎಂಬುದನ್ನು ಪರಾಗಕಣದ ಗೋಡೆ ನೋಡಿ ಹೇಳಬೇಕಿತ್ತು.

ಅದಕ್ಕಾಗಿ ಪರಾಗವನ್ನು ಆಸಿಡ್ಡಿನಲ್ಲಿ ಬೇಯಿಸುತ್ತಿದ್ದೆವು. ಒಳಗಿನ ಜೀವ, ಮೇಲಿನ ಜಿಡ್ಡು ಎಲ್ಲ ಕರಗಿ, ಹೊರಗೋಡೆ ಮಾತ್ರ ಉಳಿಯುತ್ತದೆ. ಆ ಗೋಡೆ ಯಾವುದರಿಂದ ಆದದ್ದೆಂದು ಆಗ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಅದರ ಹಠಮಾರಿತನ ನನಗೆ ಇಷ್ಟ. ನಾನೂ ಅದೇ ಪೈಕಿ. ಆದರೆ ಬೇಯಿಸುವ ಆ ಮಿಶ್ರಣಕ್ಕೆ ನೀರು ಸೇರಿದರೆ ಮುಖಕ್ಕೇ ಸಿಡಿಯುತ್ತಿತ್ತು.

ಜೊತೆಗಿದ್ದವಳು ಆ ವರ್ಷವಷ್ಟೇ ಪ್ರಯೋಗಾಲಯದ ಕೆಲಸಕ್ಕೆ ಸೇರಿದ್ದ ಕಲ್ಲಡ್ಕದ ಹುಡುಗಿ. ತೊಳೆದಿಟ್ಟ ಪಾತ್ರೆಗೂ ಬಳಸುವ ಮುಂಚೆ ಇನ್ನೊಮ್ಮೆ ನೀರು ಆಡಿಸಿ ಚೆಲ್ಲುವುದು ನಮ್ಮ ಕಡೆಯ ಮನೆಗಳ ಅಭ್ಯಾಸ. ಅವಳು ಟೆಸ್ಟ್ ಟ್ಯೂಬನ್ನೂ ಬಿಡುತ್ತಿರಲಿಲ್ಲ.

“ಒಣಗಿದ ಟ್ಯೂಬಿಗೆ ಯಾಕೆ ನೀರು ಹಾಕ್ತೀ? ಕಣ್ಣು ಹೋಗ್ತದೆ ಮಾರಾಯ್ತಿ!” ಎಂದು ಗದರಿದೆ.

“ಇನ್ನು ಹಾಕುವುದಿಲ್ಲ ಅಕ್ಕ. ಕೈ ತಾನಾಗಿ ಹೋಗ್ತದೆ,” ಎಂದು ನಕ್ಕಳು.

ಆ ನಗು ನನಗೆ ಹಿಡಿಸಲಿಲ್ಲ. ಅವತ್ತು ಬೆಳಗಿನಿಂದ ಅವಳ ಕೈಯನ್ನೇ ಕಾಯುತ್ತಿದ್ದೆ. ಮೊದಲ ಗಿಡದ ಪರಾಗ ಸುಸೂತ್ರವಾಗಿ ಬೆಂದಿತು. ಅದನ್ನು ನೋಡಲು ನಾನು ಸೂಕ್ಷ್ಮದರ್ಶಕಕ್ಕೆ ಬಗ್ಗಿದೆ. ಹಿಂದಿನಿಂದ ಗಾಜಿನೊಳಗೆ ನೀರು ಗಳಗಳ ಆಡಿದ ಸದ್ದು ಕೇಳಿಸಿತು. “ಬೇಡ!” ಎಂದು ತಿರುಗುವಷ್ಟರಲ್ಲಿ ಅವಳು ಆಸಿಡ್ ಹೊಯ್ದಾಗಿತ್ತು.

ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು, ಎರಡೂ ಕಣ್ಣಿಗೆ ಇನ್ನು ಬೆಳಕಿಲ್ಲ ಎಂದರು. ಅವಳಿಗೆ ಇನ್ನೂ ಹೇಳಿರಲಿಲ್ಲ. ಕಾಲೇಜಿಗೆ ವಾಪಸು ಬಂದು, ಉಳಿದಿದ್ದ ಎರಡನೆಯ ಗಿಡದ ಪರಾಗವನ್ನು ನಾನೇ ಬೇಯಿಸಿ ನೋಡಿದೆ. ಅದೇ ಆಸಿಡ್ಡಿನಲ್ಲಿ ಬೆಂದರೂ ಗೋಡೆಗೆ ಒಂದು ಗೀರೂ ಬಿದ್ದಿರಲಿಲ್ಲ. ನನಗೆ ಅದರ ಮೇಲೆ ಸಿಟ್ಟು ಬಂತು.

ಮತ್ತೆ ಆಸ್ಪತ್ರೆಗೆ ಹೋದಾಗ ಅವಳು ಪಟ್ಟಿ ಕಟ್ಟಿದ ಮುಖವನ್ನು ನನ್ನ ಕಡೆ ತಿರುಗಿಸಿ, “ಒಂದೇ ಜಾತಿಯಾ ಅಕ್ಕ?” ಎಂದಳು.

“ಎರಡು. ಒಂದರ ಗೋಡೆಯಲ್ಲಿ ಮುಳ್ಳುಂಟು, ಇನ್ನೊಂದು ನುಣುಪು.”

“ಪಟ್ಟಿ ಬಿಚ್ಚಿದ ಮೇಲೆ ನನಗೂ ತೋರಿಸಿ,” ಎಂದಳು. ಆಮೇಲೆ ಕುಡಿಯಲು ನೀರು ಕೇಳಿದಳು. ನಾನು ತೊಳೆದಿಟ್ಟಿದ್ದ ಗಾಜಿನ ಲೋಟ ಎತ್ತಿಕೊಂಡು, ಹೂಜಿಯಿಂದ ಒಂದಿಷ್ಟು ನೀರು ಹಾಕಿ ಆಡಿಸಿದೆ.

ಆ ಸದ್ದಿಗೆ ಅವಳು ಕಿರುಚಿ ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡಳು.